ಶತಮಾನದ ನಡುಗಾಲದ ಆಧುನಿಕ ವಾಸ್ತುಶಿಲ್ಪ ಮತ್ತು ವಿನ್ಯಾಸದ ಹಳೆಯ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪುಸ್ತಕ ಕೂಡಿಡುವವರು ಬಹಳ ಜನ. ಅವರಲ್ಲಿ 1940ರಿಂದ 1960ರ ದಶಕದವರೆಗಿನ ಮನೆ, ಕುರ್ಚಿ, ಒಳಾಂಗಣದ ಪುಸ್ತಕಗಳ ಹಿಂದೆ ಬಿದ್ದವರು ಕಡಿಮೆ. ಬಿದ್ದವರು ಮಾತ್ರ ಸುಲಭಕ್ಕೆ ಬಿಡಲಾರರು, ನಾನೂ ಅವರಲ್ಲೊಬ್ಬ. ಹೊಸಬರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಕಣ್ಣಾರೆ ಕಂಡಷ್ಟು, ಕೈಯಾರೆ ಕಲಿತಷ್ಟು ಇಲ್ಲಿ ಬರೆದಿದ್ದೇನೆ.

"ಮಿಡ್-ಸೆಂಚುರಿ ಮಾಡರ್ನ್" ಎಂದರೆ ಯಾವ ಕಾಲ?

ಎರಡನೆಯ ಮಹಾಯುದ್ಧದ ಆಸುಪಾಸಿನಿಂದ 1960ರ ದಶಕ ಮುಗಿಯುವವರೆಗೆ ಎಂದು ಸ್ಥೂಲವಾಗಿ ಹೇಳಬಹುದು. ಚಪ್ಪಟೆ ಚಾವಣಿ, ನೆಲದಿಂದ ಚಾವಣಿಯವರೆಗೆ ಗಾಜು, ತೆಳ್ಳನೆಯ ಉಕ್ಕಿನ ಕಂಬ, ಬಾಗಿಸಿದ ಪ್ಲೈವುಡ್ಡಿನ ಕುರ್ಚಿ ಇವೆಲ್ಲ ರೂಢಿಗೆ ಬಂದ ಕಾಲ. ಗಡಿಗೆರೆ ಗಟ್ಟಿಯಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ (ಮುಂದೆ ಮೋಮಾ ಎಂದೇ ಕರೆಯುತ್ತೇನೆ) 1938ರಲ್ಲಿ ಜರ್ಮನಿಯ ವಿನ್ಯಾಸ ಶಾಲೆ ಬೌಹೌಸ್ ಬಗ್ಗೆ ಹೊರತಂದ ಪುಸ್ತಕವನ್ನು ನಾನು ಇದೇ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಮೂವತ್ತು ವರ್ಷಗಳ ಬೇರು ಅದರಲ್ಲಿದೆ.

ಒಂದು ವಿಷಯ ಮಾತ್ರ ನೆನಪಿಡಿ. ಈ ಹೆಸರು ಆ ಕಾಲದವರು ಇಟ್ಟುಕೊಂಡದ್ದಲ್ಲ. 1950ರ ದಶಕದ ಪೀಠೋಪಕರಣಗಳ ಬಗ್ಗೆ ಕಾರಾ ಗ್ರೀನ್‌ಬರ್ಗ್ 1984ರಲ್ಲಿ ಬರೆದ ಪುಸ್ತಕದ ಹೆಸರದು. ಅಲ್ಲಿಂದಾಚೆಗೆ ಎಲ್ಲರ ಬಾಯಲ್ಲಿ ನಿಂತಿತು. ಹಾಗಾಗಿ ಮಾರಾಟದ ಜಾಲತಾಣದಲ್ಲಿ ಈ ಪದ ಹಾಕಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಇತ್ತೀಚಿನ ಪುಸ್ತಕಗಳು, ಇಲ್ಲವೇ ಈ ಪದಕ್ಕಿರುವ ಬೇಡಿಕೆ ತಿಳಿದು ಬೆಲೆ ಏರಿಸಿಟ್ಟ ಪ್ರತಿಗಳು. ಆ ಕಾಲದ ಶೀರ್ಷಿಕೆಗಳಲ್ಲಿ ಇರುವುದು "ಮಾಡರ್ನ್", "ಕಾಂಟೆಂಪೊರರಿ", "ಟುಡೇ", "ಪೋಸ್ಟ್‌ವಾರ್" ತರಹದ ಮಾತುಗಳು. ಅವುಗಳಿಗೆ ಮನೆ, ಕುರ್ಚಿ, ಒಳಾಂಗಣದ ಇಂಗ್ಲಿಷ್ ಪದ ಜೋಡಿಸಿ, ವರ್ಷದ ಮಿತಿ ಹಾಕಿ ಹುಡುಕಿ. ಯಾರ ಕಣ್ಣಿಗೂ ಬೀಳದ ಪುಸ್ತಕಗಳು ಹಾಗೆ ಸಿಗುತ್ತವೆ.

ಹೊಳೆಯುವ ಹೊಸ ಪುಸ್ತಕಗಳಲ್ಲೂ ಇದೇ ಚಿತ್ರಗಳಿವೆಯಲ್ಲ, ಹಳೆಯದೇ ಯಾಕೆ?

ಇದೇ ಚಿತ್ರಗಳಿಲ್ಲ ಎನ್ನುವುದೇ ನನ್ನ ಉತ್ತರ. ಇವತ್ತು ಬರೆಯುವವರಿಗೆ ಯಾರು ಗೆದ್ದರು ಎಂಬುದು ಗೊತ್ತು. ಹಾಗಾಗಿ ಅದೇ ಹತ್ತಿಪ್ಪತ್ತು ಮನೆ, ಅದೇ ನಾಲ್ಕೈದು ಕುರ್ಚಿ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತವೆ. 1951ರಲ್ಲಿ ಬರೆಯುತ್ತಿದ್ದವರಿಗೆ ಅದು ಗೊತ್ತಿರಲಿಲ್ಲ. ಹೆಸರು ಮರೆತುಹೋದ ವಾಸ್ತುಶಿಲ್ಪಿಯ ಪುಟ್ಟ ಮನೆ, ಆಮೇಲೆ ಯಾರೂ ತಯಾರಿಸದ ಕಪಾಟು, ಚಾವಣಿಗೆ ತೂಗುಹಾಕಿದ ಒಲೆಗೂಡು, ಎಲ್ಲವೂ ಸಮಸಮವಾಗಿ ಒಂದೇ ಪುಸ್ತಕದಲ್ಲಿ ಕೂತಿರುತ್ತವೆ. ಆ ಕಾಲ ಹೇಗೆ ಯೋಚಿಸುತ್ತಿತ್ತು ಎಂಬುದು ತಿಳಿಯುವುದು ಗೆದ್ದವರಿಂದ ಮಾತ್ರವಲ್ಲ.

ಇನ್ನೊಂದು ಕಾರಣ ಕಟ್ಟಡಗಳೇ ಇಲ್ಲದಿರುವುದು. ರಿಚರ್ಡ್ ನ್ಯೂಟ್ರಾ ಕ್ಯಾಲಿಫೋರ್ನಿಯಾದ ರ‍್ಯಾಂಚೊ ಮಿರಾಜ್‌ನಲ್ಲಿ ಕಟ್ಟಿದ ಮಾಸ್ಲನ್ ಮನೆಯನ್ನು 2002ರಲ್ಲಿ ನೆಲಸಮ ಮಾಡಿದರು. 1958ರ ಬ್ರಸೆಲ್ಸ್ ವಿಶ್ವಮೇಳಕ್ಕೆಂದು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮತ್ತು ಅವರ ಕಚೇರಿಯಲ್ಲಿ ದುಡಿಯುತ್ತಿದ್ದ ಯಾನಿಸ್ ಕ್ಸೆನಾಕಿಸ್ ರೂಪಿಸಿದ ಫಿಲಿಪ್ಸ್ ಪೆವಿಲಿಯನ್ ಮರುವರ್ಷವೇ ಇಲ್ಲವಾಯಿತು. ಅದರ ಬಗ್ಗೆ 1958ರಲ್ಲೇ ಜಾಂ ಪೆತಿ ಸಂಪಾದಿಸಿದ ಪುಟ್ಟ ಪುಸ್ತಕ ಉಳಿದಿದೆ. ಕಾಂಕ್ರೀಟಿಗಿಂತ ಕಾಗದ ಹೆಚ್ಚು ಬಾಳಿತು. ನಿಂತಿರುವ ಮನೆಗಳಲ್ಲೂ ಅಡುಗೆಮನೆ ಬದಲಾಗಿದೆ, ಕೋಣೆಗಳು ಸೇರಿಕೊಂಡಿವೆ, ಪಕ್ಕದ ಬಯಲು ಹೋಗಿದೆ. ಗಾರೆ ಆರಿದ ಹೊಸದರಲ್ಲಿ ಆ ಮನೆ ಹೇಗಿತ್ತು ಎಂಬುದಕ್ಕೆ ಹಳೆಯ ಪುಸ್ತಕವೇ ಸಾಕ್ಷಿ.

ಮೂರನೆಯದು, ಪುಸ್ತಕವೇ ಆ ವಿನ್ಯಾಸದ ಒಂದು ವಸ್ತು. ಪುಟದಲ್ಲಿ ಖಾಲಿ ಬಿಟ್ಟ ಜಾಗ, ಅಕ್ಷರದ ಆಯ್ಕೆ, ನಕ್ಷೆಯ ಪಕ್ಕದಲ್ಲಿ ಛಾಯಾಚಿತ್ರ ನಿಂತ ರೀತಿ, ಇವನ್ನೆಲ್ಲ ಮಾಡಿದವರು ಅದೇ ಬಳಗದವರು. 1953ರ ಒಂದು ಪುಟವನ್ನು ತಿರುವಿದರೆ ಆ ಕಾಲದ ಕೋಣೆಯೊಂದರ ಒಳಗೆ ಕಾಲಿಟ್ಟ ಹಾಗಾಗುತ್ತದೆ. ಅದೇ ಚಿತ್ರವನ್ನು ಕಿತ್ತು ಹೊಸ ಪುಸ್ತಕಕ್ಕೆ ಹಾಕಿದಾಗ ಚಿತ್ರ ಉಳಿಯುತ್ತದೆ, ಕೋಣೆ ಉಳಿಯುವುದಿಲ್ಲ.

ಎಲ್ಲಿಂದ ಶುರು ಮಾಡಲಿ?

ಮೋಮಾ ಪ್ರಕಟಣೆಗಳಿಂದ. ತೆಳ್ಳಗಿರುತ್ತವೆ, ಭಾಷೆ ಸರಳ, ಪ್ರತಿಗಳು ಸಾಕಷ್ಟು ಉಳಿದಿವೆ. ಎಲಿಯಟ್ ನೋಯ್ಸ್ ಸಿದ್ಧಪಡಿಸಿದ 1941ರ "ಆರ್ಗ್ಯಾನಿಕ್ ಡಿಸೈನ್ ಇನ್ ಹೋಮ್ ಫರ್ನಿಶಿಂಗ್ಸ್" ನೋಡಿದರೆ ಚಾರ್ಲ್ಸ್ ಈಮ್ಸ್ ಮತ್ತು ಈರೊ ಸಾರಿನೆನ್ ಜೊತೆಯಾಗಿ ಮೋಮಾ ನಡೆಸಿದ ಸ್ಪರ್ಧೆಗೆ ಕಳಿಸಿದ ಕುರ್ಚಿಗಳು ಕಾಣುತ್ತವೆ. ಮುಂದೆ ಬಂದದ್ದಕ್ಕೆಲ್ಲ ಅಲ್ಲಿ ಮೊಳಕೆಯಿದೆ. ಎಡ್ಗರ್ ಕೌಫ್‌ಮನ್ ಜೂನಿಯರ್ ಬರೆದ "ವಾಟ್ ಈಸ್ ಮಾಡರ್ನ್ ಡಿಸೈನ್?" (1950) ಒಂದು ಸಂಜೆಯಲ್ಲಿ ಓದಿ ಮುಗಿಸುವಂಥದ್ದು. ಎಲಿಜಬೆತ್ ಮಾಕ್ ಅವರ "ಇಫ್ ಯೂ ವಾಂಟ್ ಟು ಬಿಲ್ಡ್ ಎ ಹೌಸ್" (1946) ಮನೆ ಕಟ್ಟಿಸುವ ಸಾಮಾನ್ಯ ಜನರಿಗಾಗಿ ಬರೆದದ್ದು. ನಾನು ಹೊಸಬರ ಕೈಗೆ ಮೊದಲು ಕೊಡುವುದು ಅದನ್ನೇ. ಆಧುನಿಕ ಮನೆ ಯಾಕೆ ಹಾಗಿದೆ ಎಂದು ಅಷ್ಟು ಸಮಾಧಾನದಿಂದ ಹೇಳಿದ ಪುಸ್ತಕ ನಾನು ಬೇರೆ ಕಂಡಿಲ್ಲ.

ಈ ಹಂತದ ನಂತರ ಒಂದೇ ಎಳೆ ಹಿಡಿಯಿರಿ. ಒಬ್ಬ ವಾಸ್ತುಶಿಲ್ಪಿ, ಒಂದು ದೇಶ, ಒಬ್ಬ ಪ್ರಕಾಶಕ, ಅಥವಾ ಬರೀ ಕುರ್ಚಿ. ದೇಶದ ಎಳೆ ಇಷ್ಟವಾದರೆ ಜಿ. ಇ. ಕಿಡ್ಡರ್ ಸ್ಮಿತ್ ಎಂಬ ಹೆಸರು ಗುರುತು ಹಾಕಿಕೊಳ್ಳಿ. 1943ರ "ಬ್ರೆಜಿಲ್ ಬಿಲ್ಡ್ಸ್" ಪುಸ್ತಕಕ್ಕೆ ಬರವಣಿಗೆ ಫಿಲಿಪ್ ಗುಡ್ವಿನ್ ಅವರದು, ಛಾಯಾಚಿತ್ರ ಇವರದು. ಆಮೇಲೆ ಸ್ವಿಟ್ಜರ್ಲೆಂಡ್, ಸ್ವೀಡನ್, ಇಟಲಿಗಳ ಬಗ್ಗೆ ಅದೇ ಜಾಡಿನಲ್ಲಿ ತಾವೇ ಬರೆದರು. ನಾಲ್ಕನ್ನೂ ಅಕ್ಕಪಕ್ಕ ಇಟ್ಟರೆ ಅದೇ ಒಂದು ಪುಟ್ಟ ಸಂಗ್ರಹ.

ಕೇಸ್ ಸ್ಟಡಿ ಹೌಸ್‌ಗಳ ಬಗ್ಗೆ ಏನನ್ನು ಹುಡುಕಬೇಕು?

ಮೂಲ ಇರುವುದು ಪುಸ್ತಕದಲ್ಲಲ್ಲ, ಪತ್ರಿಕೆಯಲ್ಲಿ. "ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್" ಪತ್ರಿಕೆಯ ಸಂಪಾದಕ ಜಾನ್ ಎಂಟೆನ್ಜಾ 1945ರ ಜನವರಿ ಸಂಚಿಕೆಯಲ್ಲಿ ಈ ಯೋಜನೆ ಪ್ರಕಟಿಸಿದರು: ಯುದ್ಧ ಮುಗಿದ ಮೇಲೆ ಸಾಮಾನ್ಯ ಕುಟುಂಬಕ್ಕೆ ಹೊಸ ಸಾಮಗ್ರಿ, ಹೊಸ ವಿಧಾನದಲ್ಲಿ ಮನೆ ಹೇಗಿರಬಹುದು ಎಂದು ಎಂಟು ವಾಸ್ತುಶಿಲ್ಪಿಗಳು ಕಟ್ಟಿ ತೋರಿಸಬೇಕು. ಅದು 1966ರವರೆಗೂ ನಡೆಯಿತು. ನಕ್ಷೆಯಲ್ಲೇ ಉಳಿದವೂ ಉಂಟು. 1949ರಲ್ಲಿ ಮುಗಿದ ಈಮ್ಸ್ ದಂಪತಿಯ ಮನೆ 8ನೆಯದು. 1960ರಲ್ಲಿ ಜೂಲಿಯಸ್ ಶುಲ್ಮನ್ ತೆಗೆದ ರಾತ್ರಿಯ ಚಿತ್ರದಿಂದ ಜಗತ್ತಿಗೇ ಪರಿಚಿತವಾದ ಪಿಯರ್ ಕೋನಿಗ್ ಅವರ ಮನೆ 22ನೆಯದು.

ಪತ್ರಿಕೆಯ ಬಿಡಿ ಸಂಚಿಕೆಗಳು ದುಬಾರಿ, ಅದರಲ್ಲೂ ರೇ ಈಮ್ಸ್ ಅಥವಾ ಹರ್ಬರ್ಟ್ ಮ್ಯಾಟರ್ ಮುಖಪುಟ ಮಾಡಿದವು. ಪುಸ್ತಕವೇ ಬೇಕೆಂದರೆ ಎಸ್ತರ್ ಮೆಕಾಯ್ ಅವರದು. 1962ರಲ್ಲಿ ರೈನ್‌ಹೋಲ್ಡ್ ಪ್ರಕಾಶನದಿಂದ ಬಂದಾಗ ಅದರ ಮುಖ್ಯ ಶೀರ್ಷಿಕೆ "ಮಾಡರ್ನ್ ಕ್ಯಾಲಿಫೋರ್ನಿಯಾ ಹೌಸಸ್". 1977ರಲ್ಲಿ ಹೆನ್ನೆಸಿ ಅಂಡ್ ಇಂಗಲ್ಸ್ ಮತ್ತೆ ಅಚ್ಚು ಹಾಕಿದಾಗ ಮುಂದೆ ಬಂದದ್ದು "ಕೇಸ್ ಸ್ಟಡಿ ಹೌಸಸ್" ಎಂಬ ಮಾತು. ಎರಡೂ ಒಂದೇ ಕೃತಿ ಎಂದು ತಿಳಿಯದೆ ಎರಡೆರಡು ಸಲ ಕೊಂಡವರಿದ್ದಾರೆ. ಓದುವುದಕ್ಕೆ 1977ರದ್ದೇ ಸಾಕು. ಬರಹ ಎಷ್ಟು ಚೊಕ್ಕ ಎಂದರೆ, ಕಟ್ಟಿದವರ ಜೊತೆ ಒಡನಾಡಿದವರು ಮಾತ್ರ ಹಾಗೆ ಬರೆಯಬಲ್ಲರು. ಮೆಕಾಯ್ ಸ್ವತಃ ವಾಸ್ತುಶಿಲ್ಪಿ ಆರ್. ಎಂ. ಶಿಂಡ್ಲರ್ ಕಚೇರಿಯಲ್ಲಿ ನಕ್ಷೆ ಬರೆದವರು.

ಲ ಕಾರ್ಬೂಸಿಯೆ ಸಮಗ್ರ ಕೃತಿಗಳ ಎಂಟು ಸಂಪುಟ ಒಟ್ಟಿಗೆ ಸಿಗುತ್ತಿಲ್ಲ. ಬಿಡಿಬಿಡಿಯಾಗಿ ಕೂಡಿಸಬಹುದೇ?

ಧಾರಾಳವಾಗಿ. ಒಟ್ಟಿಗೆ ಸಿಗುವ ಸೆಟ್‌ಗಳಲ್ಲೂ ಬೇರೆಬೇರೆ ಮುದ್ರಣದ ಸಂಪುಟಗಳೇ ಸೇರಿಕೊಂಡಿರುವುದು ಸಾಮಾನ್ಯ. ಈ ಅಡ್ಡಗಲದ ಸಂಪುಟಗಳು ಒಂದೇ ಸಲ ಬಂದವಲ್ಲ. 1910ರಿಂದ 1929ರವರೆಗಿನ ಕೆಲಸದ ಮೊದಲ ಸಂಪುಟಕ್ಕೂ 1970ರಲ್ಲಿ ಬಂದ ಎಂಟನೆಯದಕ್ಕೂ ನಡುವೆ ನಲವತ್ತು ವರ್ಷ. ಬಹುಪಾಲು ಸಂಪಾದನೆ ವಿಲ್ಲಿ ಬೋಸಿಗರ್ ಅವರದು, ಮೂರನೆಯದು ಮಾತ್ರ ಮ್ಯಾಕ್ಸ್ ಬಿಲ್ ಕೈಯದು. ಹಳೆಯ ಸಂಪುಟಗಳು ಮತ್ತೆ ಮತ್ತೆ ಅಚ್ಚಾಗಿವೆ. ಪ್ರಕಾಶಕರ ಹೆಸರೇ ಸುಳಿವು: ಆರಂಭದಲ್ಲಿ ಜ್ಯೂರಿಕ್‌ನ ಗಿರ್ಸ್‌ಬರ್ಗರ್, ನಡುವೆ ಆರ್ಟೆಮಿಸ್, ಕೊನೆಗೆ ಬಿರ್ಕ್‌ಹೌಸರ್.

ನಡುಗಾಲವೇ ಮುಖ್ಯವಾದರೆ ಐದನೆಯ ಸಂಪುಟದಿಂದ ಶುರು ಮಾಡಿ. 1946ರಿಂದ 1952ರವರೆಗಿನ ಕೆಲಸ ಅದರಲ್ಲಿದೆ. ಮಾರ್ಸೇಯ ವಸತಿ ಸಮುಚ್ಚಯ ಇದೆ, ಚಂಡೀಗಢ ಇನ್ನೂ ರೇಖೆಗಳಲ್ಲಿದೆ. ಮುಂದಿನ ಸಂಪುಟಗಳಲ್ಲಿ ಅದೇ ನಗರ ಕಾಂಕ್ರೀಟಾಗಿ ಏಳುವುದನ್ನು ಪುಟಪುಟವಾಗಿ ನೋಡಬಹುದು. ಒಬ್ಬರ ಮನಸ್ಸಿನಲ್ಲಿದ್ದದ್ದು ಕಟ್ಟಡವಾಗುವುದನ್ನು ಹೀಗೆ ಹಿಂಬಾಲಿಸಲು ಬಿಡುವ ಪುಸ್ತಕಮಾಲೆ ಇನ್ನೊಂದು ಸಿಗುವುದು ಕಷ್ಟ.

ನನಗೆ ಕಟ್ಟಡಕ್ಕಿಂತ ಕುರ್ಚಿ, ಕಪಾಟು ಇಷ್ಟ. ಯಾವ ಪುಸ್ತಕಗಳು?

ಜಾರ್ಜ್ ನೆಲ್ಸನ್ ಸಂಪಾದಿಸಿದ ನಾಲ್ಕು: "ಲಿವಿಂಗ್ ಸ್ಪೇಸಸ್" (1952), "ಚೇರ್ಸ್" ಮತ್ತು "ಡಿಸ್‌ಪ್ಲೇ" (1953), "ಸ್ಟೋರೇಜ್" (1954). ವಿಟ್ನಿ ಪಬ್ಲಿಕೇಷನ್ಸ್ ತಂದ ಮಾಲೆ ಇದು. "ಚೇರ್ಸ್" ಎಲ್ಲರಿಗೂ ಬೇಕು, ಹಾಗಾಗಿ ಕೈಗೆಟುಕದು. "ಸ್ಟೋರೇಜ್" ಅಷ್ಟು ಹೆಸರಾಗಿಲ್ಲ. ಆದರೆ ಯುದ್ಧಾನಂತರದ ಮನೆಗೆ ಇದ್ದ ನಿಜವಾದ ತಲೆನೋವು ಸಾಮಾನು ಇಡುವ ಜಾಗದ್ದೇ, ಅದನ್ನು ಆ ಪುಸ್ತಕ ನೇರವಾಗಿ ಎದುರಿಸುತ್ತದೆ. ಡೆನ್ಮಾರ್ಕಿನ ಕುರ್ಚಿಗಳಿಗೆ ನಾನಾ ಮತ್ತು ಯೋರ್ಗೆನ್ ಡಿಟ್ಸೆಲ್ 1954ರಲ್ಲಿ ತಂದ "ಡೇನಿಶ್ ಚೇರ್ಸ್" ಇದೆ. ಇಬ್ಬರೂ ತಾವೇ ಕುರ್ಚಿ ಮಾಡುತ್ತಿದ್ದವರು, ಆ ಕಣ್ಣು ಆಯ್ಕೆಯಲ್ಲಿ ಕಾಣುತ್ತದೆ.

ತಯಾರಕರ ಕ್ಯಾಟಲಾಗ್‌ಗಳನ್ನು ಕಡೆಗಣಿಸಬೇಡಿ. ಅಮೆರಿಕದ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್ 1948ರಲ್ಲಿ ರಟ್ಟು ಹಾಕಿದ ಕ್ಯಾಟಲಾಗ್ ತಂದು ಅದಕ್ಕೆ 3 ಡಾಲರ್ ಬೆಲೆಯಿಟ್ಟಿತು. ಕ್ಯಾಟಲಾಗ್ ಎಂದರೆ ಪುಕ್ಕಟೆ ಹಂಚುವುದು ಎಂದಿದ್ದ ಕಾಲದಲ್ಲಿ ಆ ಕಂಪನಿಯ ವಿನ್ಯಾಸ ನಿರ್ದೇಶಕರಾಗಿದ್ದ ನೆಲ್ಸನ್ ಹಟ ಹಿಡಿದು ಮಾಡಿಸಿದ ಕೆಲಸ. ಪ್ರತಿ ವಸ್ತುವಿಗೂ ಅಳತೆ ಕೊಟ್ಟಿದ್ದರಿಂದ ಅದು ಇವತ್ತಿಗೂ ಆಧಾರಗ್ರಂಥ. ಮೂಲ ಸಿಗದಿದ್ದರೆ 1952ರ ಕ್ಯಾಟಲಾಗನ್ನು ಅಕಾಂಥಸ್ ಪ್ರೆಸ್ 1995ರಲ್ಲಿ ಮರುಮುದ್ರಿಸಿದೆ. ಹಳೆಯ ಕುರ್ಚಿ ಅಸಲಿಯೋ ನಕಲಿಯೋ ಎಂದು ನೋಡುವವರು ಕೊನೆಗೆ ಬಂದು ನಿಲ್ಲುವುದು ಇಂಥ ಪುಸ್ತಕಗಳ ಮುಂದೆಯೇ.

ಕೈಯಲ್ಲಿರುವುದು ಆ ಕಾಲದ ಮುದ್ರಣವೋ ಆಮೇಲಿನದೋ, ಹೇಗೆ ತಿಳಿಯುವುದು?

ಶೀರ್ಷಿಕೆ ಪುಟದ ಹಿಂಬದಿಯಲ್ಲಿರುವ ಮುದ್ರಣ ವಿವರವನ್ನು ಮೊದಲು ಓದಿ. ಆದರೆ ಅದನ್ನೇ ನಂಬಿ ಕೂರಬೇಡಿ. ಮರುಮುದ್ರಣ ಮಾಡುವಾಗ ಹಳೆಯ ವರ್ಷವನ್ನು ಹಾಗೇ ಬಿಟ್ಟ ಪ್ರಕಾಶಕರು ಬೇಕಾದಷ್ಟು. ಸುಳಿವು ಕೊಡುವುದು ಅಕ್ಕಪಕ್ಕದ ಸಣ್ಣ ಸಂಗತಿಗಳು.

ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ಬಂದದ್ದು 1970ರಲ್ಲಿ. ಅದಕ್ಕೂ ಮೊದಲು, 1967ರಿಂದ, ಬ್ರಿಟನ್ನಿನಲ್ಲಿ ಒಂಬತ್ತು ಅಂಕಿಯ ಎಸ್‌ಬಿಎನ್ ಇತ್ತು. "1955" ಎಂದು ಅಚ್ಚಾಗಿರುವ ಪುಸ್ತಕದಲ್ಲಿ ಇವೆರಡರಲ್ಲಿ ಯಾವುದೇ ಒಂದು ಕಂಡರೆ ಪ್ರತಿ 1955ರದ್ದಲ್ಲ, ಮುಗಿಯಿತು. ಅಮೆರಿಕದ ಪ್ರಕಾಶಕರ ವಿಳಾಸವೂ ಮಾತಾಡುತ್ತದೆ: "ನ್ಯೂಯಾರ್ಕ್ 22" ಎಂಬಂತೆ ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಇದ್ದರೆ ಅದು ಹಳೆಯ ಅಂಚೆ ವಲಯದ ಪದ್ಧತಿ, ಐದಂಕಿಯ ಜಿಪ್ ಕೋಡ್ ಶುರುವಾದದ್ದು 1963ರ ಜುಲೈನಲ್ಲಿ. ಜರ್ಮನಿಯ ಪುಸ್ತಕದಲ್ಲಿ ಐದಂಕಿಯ ಅಂಚೆ ಸಂಖ್ಯೆ ಇದ್ದರೆ ಅದು 1993 ಅಥವಾ ಆಮೇಲಿನದು. ಅಮೆರಿಕದ ಪುಸ್ತಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪೂರ್ತಿ ಸೂಚಿ ವಿವರ, ವಿಷಯ ವಿಂಗಡಣೆ ಸಮೇತ ಒಂದು ಚೌಕದಷ್ಟು ಅಚ್ಚಾಗಿದ್ದರೆ ಅದು 1971ರ ಈಚಿನದು. ಬರೀ ಒಂದು ಸಾಲಿನ ಕಾರ್ಡ್ ಸಂಖ್ಯೆಯಾದರೆ ಅದಕ್ಕೂ ಹಳೆಯದಿರಬಹುದು. ಹೊದಿಕೆಯ ಹಿಂಬದಿಯಲ್ಲಿರುವ "ನಮ್ಮ ಇತರ ಪುಸ್ತಕಗಳು" ಪಟ್ಟಿಯನ್ನೂ ನೋಡಿ. ಅದರಲ್ಲಿ 1958ರ ಪುಸ್ತಕವಿದ್ದರೆ ಆ ಹೊದಿಕೆ 1954ರದ್ದಾಗಲು ಹೇಗೆ ಸಾಧ್ಯ?

ಒಂದೇ ಪುಸ್ತಕ ಎರಡು ಮೂರು ದೇಶಗಳಲ್ಲಿ ಬೇರೆ ಬೇರೆ ಪ್ರಕಾಶಕರ ಹೆಸರಿನಲ್ಲಿ ಬಂದಿರುವುದೂ ಉಂಟು. ಚಿತ್ರಗಳ ಅಚ್ಚು ದುಬಾರಿಯಾದ್ದರಿಂದ ಒಂದೇ ಕಡೆ ಮುದ್ರಿಸಿ, ಶೀರ್ಷಿಕೆ ಪುಟ ಮಾತ್ರ ಬದಲಿಸುತ್ತಿದ್ದರು. ಅಂಥಲ್ಲಿ ಯಾವುದು ಮೊದಲು ಎಂದು ಜಗಳ ಕಾಯುವುದರಲ್ಲಿ ಅರ್ಥವಿಲ್ಲ.

ಮೊದಲ ಮುದ್ರಣವೇ ಯಾವಾಗಲೂ ಉತ್ತಮವೇ?

ಇಲ್ಲ. ಸಿಗ್‌ಫ್ರೀಡ್ ಗೀಡಿಯನ್ ಅವರ "ಸ್ಪೇಸ್, ಟೈಮ್ ಅಂಡ್ ಆರ್ಕಿಟೆಕ್ಚರ್" ಮೊದಲು ಬಂದದ್ದು 1941ರಲ್ಲಿ. ಲೇಖಕರು ಅದನ್ನು ಬೆಳೆಸುತ್ತಲೇ ಹೋದರು. 1967ರ ಐದನೆಯ ಆವೃತ್ತಿ ಬಹಳ ದಪ್ಪ. ನಡುಗಾಲವನ್ನು ಅರಿಯಲು ಆ ಕೊನೆಯದೇ ಮೇಲು. ಇದಕ್ಕೆ ತದ್ವಿರುದ್ಧ ಜೋಸೆಫ್ ಆಲ್ಬರ್ಸ್ ಅವರ "ಇಂಟರ್‌ಆ್ಯಕ್ಷನ್ ಆಫ್ ಕಲರ್". 1963ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ರೇಷ್ಮೆಪರದೆಯ ಅಚ್ಚಿನ ಬಿಡಿ ಬಣ್ಣದ ಹಾಳೆಗಳೊಂದಿಗೆ ಅದನ್ನು ತಂದಿತು. 1971ರ ಸಣ್ಣ ಕಾಗದದ ರಟ್ಟಿನ ಆವೃತ್ತಿಯಲ್ಲಿ ಆ ಬಣ್ಣದ ಹಾಳೆಗಳಲ್ಲಿ ಕೆಲವೇ ಉಳಿದವು. ಅಲ್ಲಿ ಬಣ್ಣವೇ ಪಾಠ, ಹಾಗಾಗಿ ಮೊದಲನೆಯದಕ್ಕೆ ಸಾಟಿಯಿಲ್ಲ. ಮುದ್ರಣದ ಸಂಖ್ಯೆ ನೋಡಬೇಡಿ, ಆ ಮುದ್ರಣದಲ್ಲಿ ಏನು ಹೆಚ್ಚಾಯಿತು, ಏನು ಕಳೆಯಿತು ಎಂದು ನೋಡಿ.

ಹಳೆಯ ಪುಸ್ತಕದ ಕಪ್ಪುಬಿಳುಪು ಚಿತ್ರಗಳಿಗೆ ಆ ಆಳ ಎಲ್ಲಿಂದ ಬಂತು?

ಅಚ್ಚಿನ ವಿಧಾನದಿಂದ. ಆಗಿನ ಎಷ್ಟೋ ಚಿತ್ರಪುಸ್ತಕಗಳು ಗ್ರೇವ್ಯೂರ್ ಮುದ್ರಣದವು. ತಾಮ್ರದ ಸಿಲಿಂಡರಿನ ಮೇಲೆ ಸಣ್ಣ ಸಣ್ಣ ಗುಳಿ ಕೊರೆದು, ಗುಳಿಯ ಆಳಕ್ಕೆ ತಕ್ಕಂತೆ ಶಾಯಿ ತುಂಬಿ ಕಾಗದಕ್ಕೆ ಇಳಿಸುತ್ತಾರೆ. ಆಳವಾದ ಗುಳಿಯಿಂದ ದಟ್ಟ ಶಾಯಿ, ತೆಳುವಾದದ್ದರಿಂದ ನಸುಬೂದು. ಈಗ ಹೆಚ್ಚು ಬಳಕೆಯಲ್ಲಿರುವ ಆಫ್‌ಸೆಟ್ ಮುದ್ರಣದಲ್ಲಿ ಶಾಯಿಯ ದಪ್ಪ ಒಂದೇ. ಚುಕ್ಕೆ ದೊಡ್ಡದು ಚಿಕ್ಕದು ಮಾಡಿ ಕಣ್ಣಿಗೆ ಬೂದುಬಣ್ಣದ ಭ್ರಮೆ ಹುಟ್ಟಿಸುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟುಕೊಳ್ಳಿ. ಅದರಡಿ ಆಫ್‌ಸೆಟ್ ಚಿತ್ರ ಸಾಲುಸಾಲು ಚುಕ್ಕೆಯಾಗುತ್ತದೆ. ಗ್ರೇವ್ಯೂರ್ ಚಿತ್ರ ನಯವಾದ ಸಣ್ಣ ಜಾಲರಿಯಂತೆ ಕಂಡರೂ ಕಪ್ಪು ಮಾತ್ರ ಮಕಮಲ್ಲಿನ ಹಾಗೆ ಕೂತಿರುತ್ತದೆ.

ಇದು ಬರೀ ರುಚಿಯ ವಿಷಯವಲ್ಲ. ಮರುಮುದ್ರಣದವರ ಬಳಿ ಮೂಲ ನೆಗೆಟಿವ್ ಇಲ್ಲದಿದ್ದರೆ ಹಳೆಯ ಪುಸ್ತಕದ ಪುಟವನ್ನೇ ಮತ್ತೆ ಫೋಟೋ ತೆಗೆಯುತ್ತಾರೆ. ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಚಿತ್ರದಲ್ಲಿ ನೀರಿನ ಅಲೆಯಂಥ ಗೀರುಗಳು ಏಳುತ್ತವೆ, ನೆರಳಿನ ಒಳಗಿದ್ದ ಇಟ್ಟಿಗೆಯ ಸಾಲು, ಮರದ ಎಳೆ ಎಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಶುಲ್ಮನ್, ಎಜ್ರಾ ಸ್ಟೋಲರ್ ಅಂಥವರು ಬೆಳಕಿಗಾಗಿ ಗಂಟೆಗಟ್ಟಲೆ ಕಾದು ತೆಗೆದ ಚಿತ್ರಗಳವು. ನೆರಳು ಮುಚ್ಚಿಹೋದರೆ ಆ ಕೋಣೆಯೇ ಮುಚ್ಚಿಹೋದ ಹಾಗೆ.

ಹೊದಿಕೆ ಇಲ್ಲದ ಪ್ರತಿ ಕೊಳ್ಳಬಹುದೇ?

ಓದುವುದಕ್ಕಾದರೆ ಕೊಳ್ಳಿ, ಬಹಳ ಅಗ್ಗವಾಗಿ ಸಿಗುತ್ತದೆ. ಆದರೆ ಈ ಕ್ಷೇತ್ರದಲ್ಲಿ ಹೊದಿಕೆ ಎಂದರೆ ಧೂಳು ತಡೆಯುವ ಕಾಗದವಷ್ಟೇ ಅಲ್ಲ, ವಿನ್ಯಾಸಕಾರರ ಕೆಲಸವೂ ಹೌದು. ಬೆನ್ನಿನ ಭಾಗ ಬಿಸಿಲಿಗೆ ಮಾಸಿರುವುದು ಸಾಮಾನ್ಯ, ಕೆಂಪು ಕಿತ್ತಳೆ ಬಣ್ಣಗಳು ಮೊದಲು ಹೋಗುತ್ತವೆ. ಮಾರಾಟಗಾರರು ಮುಂಬದಿಯ ಚಿತ್ರ ಮಾತ್ರ ಹಾಕಿದ್ದರೆ ಬೆನ್ನಿನ ಚಿತ್ರ ಕೇಳಿ ಪಡೆಯಿರಿ. ಬಣ್ಣದ ನಕಲು ತೆಗೆದ ಹೊದಿಕೆಗಳೂ ಓಡಾಡುತ್ತಿವೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ, ಹೇಳದೆ ಮಾರಿದರೆ ಮೋಸ.

ಗ್ರಂಥಾಲಯದಿಂದ ತೆಗೆದುಹಾಕಿದ ಪ್ರತಿಗಳು?

ಸಂಗ್ರಾಹಕರು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಮೊಹರು, ಚೀಟಿಯ ಜೇಬು ಇದ್ದರೂ ಗ್ರಂಥಾಲಯದ ಗಟ್ಟಿ ಬೈಂಡಿಂಗ್ ಒಳಗಿನ ಹಾಳೆಗಳನ್ನು ಚೆನ್ನಾಗಿ ಕಾದಿರುತ್ತದೆ. ಎರಡನ್ನು ಮಾತ್ರ ಪರೀಕ್ಷಿಸಿ: ಮೊಹರು ಚಿತ್ರದ ಮೇಲೇ ಬಿದ್ದಿದೆಯೇ, ಯಾರಾದರೂ ಬ್ಲೇಡಿನಿಂದ ಪುಟ ಕತ್ತರಿಸಿದ್ದಾರೆಯೇ. ಪರೀಕ್ಷೆ ಹತ್ತಿರ ಬಂದ ವಿದ್ಯಾರ್ಥಿಗಳ ಕೈಯಲ್ಲಿ ಸುತ್ತಾಡಿದ ಪುಸ್ತಕದಲ್ಲಿ ಕಾಣೆಯಾಗುವುದು ಬಹುತೇಕ ಹೆಸರಾಂತ ಕಟ್ಟಡಗಳ ಪುಟಗಳೇ.

ಕಣ್ಣಲ್ಲಿ ನೋಡದೆ, ದೂರದಿಂದ ತರಿಸುವಾಗ ಏನು ಕೇಳಬೇಕು?

ನನಗೆ ಪಾಠ ಕಲಿಸಿದ ಒಂದು ಪುಸ್ತಕದ ಕಥೆ ಹೇಳುತ್ತೇನೆ. ವರ್ಷಗಟ್ಟಲೆ ಹುಡುಕಿದ ಒಂದು ಸಂಪುಟ "ಉತ್ತಮ ಸ್ಥಿತಿ" ಎಂಬ ವಿವರಣೆಯೊಂದಿಗೆ ಸಿಕ್ಕಿತು. ಬಂದಾಗ ಹೊರಗೆ ನಿಜಕ್ಕೂ ಉತ್ತಮವಾಗಿತ್ತು. ತೆರೆದರೆ ನಡುವಿನ ಮೂವತ್ತು ನಲವತ್ತು ಪುಟ ಒಂದೇ ಹಲಗೆಯಾಗಿ ಅಂಟಿಕೊಂಡಿತ್ತು. ಎಂದೋ ಒದ್ದೆಯಾಗಿ ಒಣಗಿದ ಪುಸ್ತಕ. ಹೊಳಪಿನ ಆರ್ಟ್ ಪೇಪರಿಗೆ ಬಿಳಿ ಜೇಡಿಯ ಲೇಪವಿರುತ್ತದೆ, ಒದ್ದೆಯಾದರೆ ಆ ಲೇಪವೇ ಅಂಟಾಗುತ್ತದೆ, ಒಣಗಿದ ಮೇಲೆ ಬಿಡಿಸಲಾಗದು. ಬಿಡಿಸಲು ಹೋಗಿ ನಾನು ಮೊದಲ ಪುಟದ ಚಿತ್ರವನ್ನೇ ಸುಲಿದುಹಾಕಿದೆ. ಅವತ್ತಿನ ಸಂಕಟ ಇನ್ನೂ ಮರೆತಿಲ್ಲ.

ಅಂದಿನಿಂದ ನನ್ನ ಮೊದಲ ಪ್ರಶ್ನೆ: ಎಲ್ಲ ಪುಟಗಳೂ ಬಿಡಿಬಿಡಿಯಾಗಿ ತೆರೆಯುತ್ತವೆಯೇ? ಎರಡನೆಯದು: ವಾಸನೆ ಹೇಗಿದೆ? ಬೂಷ್ಟಿನ ವಾಸನೆ ಚಿತ್ರದಲ್ಲಿ ಕಾಣುವುದಿಲ್ಲ. ಮಡಿಚಿಟ್ಟ ನಕ್ಷೆ, ಬಿಡಿ ಹಾಳೆ, ತಪ್ಪೋಲೆಯ ಚೀಟಿ ಎಲ್ಲ ಇವೆಯೇ ಎಂದೂ ಕೇಳಿ. ದೊಡ್ಡ ಗ್ರಂಥಾಲಯಗಳ ಸೂಚಿಯಲ್ಲಿ, ವರ್ಲ್ಡ್‌ಕ್ಯಾಟ್‌ನಂಥ ಕಡೆ, ಪುಟಸಂಖ್ಯೆ ಮತ್ತು ಚಿತ್ರಫಲಕದ ವಿವರ ಇರುತ್ತದೆ. ಅದರೊಂದಿಗೆ ತಾಳೆ ನೋಡಿ. ಸಾಗಣೆಯಲ್ಲಿ ಮೂಲೆ ಜಜ್ಜಿಹೋಗದಂತೆ ಎರಡು ರಟ್ಟಿನ ನಡುವೆ ಬಿಗಿದು ಕಳಿಸಲು ಹೇಳುವುದಕ್ಕೆ ಸಂಕೋಚ ಬೇಡ. ಅಡ್ಡಗಲದ ಭಾರದ ಪುಸ್ತಕಗಳ ಮೂಲೆ ಬಹಳ ಬೇಗ ಕೆಡುತ್ತದೆ.

ಜರ್ಮನ್, ಇಟಾಲಿಯನ್ ಬಾರದವರಿಗೆ ಆ ಭಾಷೆಯ ಪುಸ್ತಕ ದಂಡವಲ್ಲವೇ?

ಅಲ್ಲ. ಸ್ವಿಸ್ ಪ್ರಕಾಶಕರು ಒಂದೇ ಪುಸ್ತಕದಲ್ಲಿ ಎರಡು ಮೂರು ಭಾಷೆ ಹಾಕುವುದರಲ್ಲಿ ಪಳಗಿದವರು. ಆಲ್ಫ್ರೆಡ್ ರೋತ್ ಅವರ 1940ರ "ದಿ ನ್ಯೂ ಆರ್ಕಿಟೆಕ್ಚರ್" ಮತ್ತು ಮ್ಯಾಕ್ಸ್ ಬಿಲ್ ಅವರ 1952ರ "ಫಾರ್ಮ್" ಎರಡೂ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಓದಿಸಿಕೊಳ್ಳುತ್ತವೆ. ಮೂರು ಭಾಷೆಯನ್ನು ಒಂದೇ ಪುಟದಲ್ಲಿ ಗಲಿಬಿಲಿಯಿಲ್ಲದೆ ಜೋಡಿಸಿದ ಪರಿಯನ್ನು ನೋಡುವುದೇ ಒಂದು ಪಾಠ. ಇನ್ನು ನಕ್ಷೆಗೆ ಭಾಷೆ ಯಾವುದು?

ಪತ್ರಿಕೆಗಳನ್ನೂ ಕೂಡಿಡಬೇಕೇ?

ಜಾಗವಿದ್ದರೆ. ಜಾಹೀರಾತು ಪುಟಗಳಲ್ಲಿ ಬಾಗಿಲ ಹಿಡಿ, ದೀಪ, ನೆಲಹಾಸಿನ ಬಗ್ಗೆ ಸಿಗುವ ಮಾಹಿತಿ ಪುಸ್ತಕಗಳಲ್ಲಿ ಸಿಗದು. ಜಿಯೋ ಪೊಂಟಿ 1928ರಲ್ಲಿ ಆರಂಭಿಸಿದ "ಡೊಮುಸ್" ಒಂದೇ ಸಾಕು, ಒಂದು ಜೀವಮಾನ ಹಿಡಿಯುತ್ತದೆ. ಆದರೆ ಹಿಂದೆ ಗ್ರಂಥಾಲಯಗಳು ವರ್ಷದ ಸಂಚಿಕೆ ಒಟ್ಟಿಗೆ ಬೈಂಡ್ ಮಾಡಿಸುವಾಗ ಮುಖಪುಟ, ಜಾಹೀರಾತು ಕಿತ್ತುಹಾಕುತ್ತಿದ್ದರು. ಅಂಥ ಬೈಂಡ್ ಕೊಳ್ಳುವ ಮುನ್ನ ಕೇಳಿ ತಿಳಿಯಿರಿ.

ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದಲ್ಲವೇ?

ಸಿಗುತ್ತದೆ, ಸಿಗುವುದು ಒಳ್ಳೆಯದೇ. ಮೋಮಾ 2016ರಿಂದ ತನ್ನ ಹಳೆಯ ಪ್ರದರ್ಶನಗಳ ಕ್ಯಾಟಲಾಗ್‌ಗಳನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ. ಯುಎಸ್ ಮಾಡರ್ನಿಸ್ಟ್ ಸಂಸ್ಥೆಯ ಜಾಲ ಗ್ರಂಥಾಲಯದಲ್ಲಿ ಹಳೆಯ ವಾಸ್ತುಶಿಲ್ಪ ಪತ್ರಿಕೆಗಳ ರಾಶಿಯೇ ಇದೆ. ನಾನು ಕೊಳ್ಳುವ ಮುನ್ನ ಅಲ್ಲಿ ಓದುತ್ತೇನೆ. ಓದಿದ ಮೇಲೂ ಬೇಕು ಅನ್ನಿಸಿದ್ದನ್ನು ಮಾತ್ರ ತರಿಸುತ್ತೇನೆ. ಹೀಗೆ ಮಾಡಲು ಶುರು ಮಾಡಿದ ಮೇಲೆ ಕಪಾಟಿನಲ್ಲಿ ತೆರೆಯದೆ ಉಳಿದ ಪುಸ್ತಕ ಒಂದೂ ಇಲ್ಲ.

ಹೇಗೆ ಜೋಪಾನ ಮಾಡಬೇಕು?

ಬಿಸಿಲು ಬೀಳಬಾರದು, ತೇವ ತಾಗಬಾರದು, ಗಾಳಿ ಆಡಬೇಕು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 35ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ತೇವಮಾಪಕ ಸಣ್ಣ ಯಂತ್ರ, ಕಪಾಟಿನಲ್ಲೇ ಇಡಿ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಅಡ್ಡಗಲದ, ಭಾರದ ಪುಸ್ತಕಗಳನ್ನು ಮಲಗಿಸಿಡಿ. ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೆನ್ನು ಕಳಚುತ್ತದೆ. ಹೊದಿಕೆಗೆ ಪಾಲಿಯೆಸ್ಟರ್ ಹಾಳೆಯ ಕವಚ ಹಾಕಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಬೇಡ, ಅದು ವರ್ಷಗಳು ಕಳೆದಂತೆ ಆಮ್ಲ ಬಿಟ್ಟು ಕಾಗದಕ್ಕೆ ಅಂಟುತ್ತದೆ.

ಹೊಸದಾಗಿ ಬಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸದೆ ಎರಡು ವಾರ ಬೇರೆಯಿಟ್ಟು ನೋಡಿ. ಹುಳುವಿನ ಪುಡಿ ಉದುರಿದರೆ ಗಾಳಿಯಾಡದ ಚೀಲದಲ್ಲಿ ಬಿಗಿದು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಒಂದು ವಾರ ಇಡುವುದು ಗ್ರಂಥಾಲಯಗಳ ಪದ್ಧತಿ. ಹೊರತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ, ಒಂದು ದಿನ ಬಿಟ್ಟು ಬಿಚ್ಚಿ. ಇಲ್ಲದಿದ್ದರೆ ಕಾಗದದ ಮೇಲೆ ನೀರಹನಿ ಕೂರುತ್ತದೆ. ಹೊಳಪಿನ ಕಾಗದದ ಪುಸ್ತಕ ಎಲ್ಲಾದರೂ ಒದ್ದೆಯಾದರೆ ಒಣಗಲು ಬಿಡದೆ ತಕ್ಷಣ ಪುಟಪುಟದ ನಡುವೆ ಹೀರುಕಾಗದ ಸೇರಿಸಬೇಕು. ಆಗದಿದ್ದರೆ ಹಾಗೇ ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿಟ್ಟು ಬಲ್ಲವರನ್ನು ಕಾಣಿ.

ಹರಿದ ಹೊದಿಕೆಗೆ ಸೆಲ್ಲೊಟೇಪ್ ಹಚ್ಚಲೇ?

ಬೇಡವೇ ಬೇಡ. ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆ ಕಲೆ ಮತ್ತೆ ಹೋಗದು. ಕವಚ ಹಾಕಿ ಹಾಗೇ ಬಿಡಿ.

ಕೆಟ್ಟ ಸ್ಥಿತಿಯ ಪುಸ್ತಕದ ಪುಟ ಬಿಡಿಸಿ ಗೋಡೆಗೆ ಹಾಕಬಹುದೇ?

ದಯವಿಟ್ಟು ಮಾಡಬೇಡಿ. ಇವತ್ತು ಕೆಟ್ಟ ಸ್ಥಿತಿಯದು ಎನ್ನಿಸಿದ ಪ್ರತಿ ನಾಳೆ ಯಾರಿಗೋ ಓದಲು ಸಿಗಬಹುದಾದ ಒಂದೇ ಪ್ರತಿ ಆಗಬಹುದು. ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿ ಗೋಡೆಗೆ ಹಾಕಿಕೊಳ್ಳಿ.

ಹಣ ಹೂಡಿಕೆಯ ದೃಷ್ಟಿಯಿಂದ ಒಳ್ಳೆಯದೇ?

ಆ ದೃಷ್ಟಿಯಿಂದ ಬರುವವರಿಗೆ ನಾನು ಉತ್ತೇಜನ ಕೊಡುವುದಿಲ್ಲ. ಮರುಮುದ್ರಣ ಬಂದ ಕೂಡಲೇ ಎಷ್ಟೋ ಪುಸ್ತಕಗಳ ಬೆಲೆ ಇಳಿದದ್ದನ್ನು ನೋಡಿದ್ದೇನೆ. "ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್" ಪತ್ರಿಕೆಯ 1945ರಿಂದ 1954ರವರೆಗಿನ ಸಂಚಿಕೆಗಳನ್ನು ಟಾಶೆನ್ 2008ರಲ್ಲಿ ಮರುಮುದ್ರಿಸಿದಾಗ, ಬರೀ ಓದಬೇಕೆಂದಿದ್ದ ಎಷ್ಟೋ ಜನ ಮೂಲದ ಬೇಟೆ ನಿಲ್ಲಿಸಿದರು. ಅವರು ಮಾಡಿದ್ದು ಸರಿ.

ಹಿಂದಿನ ಒಡೆಯರ ಹೆಸರು, ಗೀಚು ಇದ್ದರೆ ಬೆಲೆ ಕಡಿಮೆಯಾಗುತ್ತದೆಯೇ? ಅಳಿಸಲೇ?

ಬೆಲೆ ಸ್ವಲ್ಪ ಕಡಿಮೆಯಾಗಬಹುದು. ಅಳಿಸಬೇಡಿ. ಈ ಪುಸ್ತಕಗಳನ್ನು ಕೊಂಡವರಲ್ಲಿ ಬಹಳ ಜನ ಕಟ್ಟುವವರೇ: ವಾಸ್ತುಶಿಲ್ಪಿಗಳು, ಬಡಗಿಗಳು, ನಕ್ಷೆ ಬರೆಯುವವರು. ನನ್ನ ಬಳಿಯಿರುವ ಒಂದು ಮನೆಗಳ ಪುಸ್ತಕದಲ್ಲಿ ಯಾರೋ ಒಂದು ನಕ್ಷೆಯ ಪಕ್ಕ ಪೆನ್ಸಿಲಿನಲ್ಲಿ ಅಡಿ, ಅಂಗುಲದ ಲೆಕ್ಕ ಬರೆದಿದ್ದಾರೆ. ಅಡುಗೆಮನೆಯ ಗೋಡೆಯನ್ನು ಒಂದೂವರೆ ಅಡಿ ಆಚೆ ಸರಿಸಿ, ಕಿಟಕಿಯನ್ನು ಮೂಲೆಗೆ ಒಯ್ದು, ಮೆಟ್ಟಿಲು ತಿರುಗಿಸಿ ನೋಡಿದ್ದಾರೆ. ಅಚ್ಚಾದ ನಕ್ಷೆಯಲ್ಲಿ ಊಟದ ಮೇಜಿಗೆ ಬೆಳಗಿನ ಬೆಳಕು ಬರುತ್ತಿರಲಿಲ್ಲ, ಅವರು ತಿದ್ದಿದ ನಕ್ಷೆಯಲ್ಲಿ ಬರುತ್ತದೆ. ಆ ಪುಟ ತೆರೆದಾಗಲೆಲ್ಲ ನಾನು ಮೊದಲು ನೋಡುವುದು ಪೆನ್ಸಿಲಿನ ಗೆರೆಯನ್ನು.